ಹೊಂಬಾಳಮ್ಮನ ಮಗ ನೀರಿನ ವಿಮಾನ ಕಾಯ್ದದ್ದು

ನಗು ತಡೆಯಲಾಗದವರು ಗೋಡೆಗೆ ಒರಗಿ ಕೂತುಕೊಳ್ಳಿ, ಬಿದ್ದರೆ ನಾನು ಹೊಣೆಯಲ್ಲ. ಕೋಡಿಪುರದಲ್ಲಿ ಹೊಂಬಾಳಮ್ಮ ಅಂತ ಒಬ್ಬಳು ತಾಯಿ, ಅವಳಿಗೆ ಸಿದ್ದೇಗ ಅಂತ ಒಬ್ಬನೇ ಮಗ. ಮೈಯಲ್ಲಿ ಎರಡಾಳಿನ ಬಲ, ಮನಸ್ಸು ಬೆಣ್ಣೆ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ತೊಂದರೆ! "ಎಮ್ಮೆ ಹಿಂದೇನೇ ಇರು" ಅಂದರೆ, ಎಮ್ಮೆ ಕೆರೆಗಿಳಿದಾಗ ಇವನೂ ಇಳಿದು ಕತ್ತು ಮಾತ್ರ ಹೊರಗಿಟ್ಟುಕೊಂಡು ಸಂಜೆವರೆಗೆ ಅದರ ಹಿಂದೆಯೇ ನಿಂತಿರುತ್ತಿದ್ದ. ಇಂಥವನಿಗೆ ಯಾರು ಕೆಲಸ ಕೊಡುತ್ತಾರೆ? "ನಾನು ಕಣ್ಮುಚ್ಚಿದ ಮೇಲೆ ಇವನ ಗತಿ ಏನಪ್ಪಾ" ಅಂತ ಹೊಂಬಾಳಮ್ಮನಿಗೆ ಅದೊಂದೇ ಚಿಂತೆ.

ಹಾಗಿರುವಾಗ ಊರಿಗೆ ಸಂಪಂಗಿ ಮೇಸ್ತ್ರಿ ಬಂದರು. ಎಪ್ಪತ್ತು ದಾಟಿದವರು. ಜೊತೆಗೆ ತೊಂಬತ್ತಾರು ವರ್ಷದ ಅಪ್ಪ, ಮುನಿಶಾಮಪ್ಪ. ಈ ಮುದುಕಪ್ಪ ಮಹಾಯುದ್ಧದ ಕಾಲದಲ್ಲಿ ಹುಡುಗನಾಗಿದ್ದಾಗ, ನೀರಿನ ಮೇಲೇ ಇಳಿದು ನೀರಿನಿಂದಲೇ ಏಳುವ ವಿಮಾನಗಳಿಗೆ ರಿಪೇರಿ ಕೆಲಸ ಮಾಡಿದ್ದನಂತೆ. "ಸಾಯೋದ್ರೊಳಗೆ ಇನ್ನೊಂದ್ ಸಲ ನೋಡ್ಬೇಕು ಕಣೋ" ಅಂದಿದ್ದಕ್ಕೆ, ಮೇಸ್ತ್ರಿ ವರ್ಷಗಟ್ಟಲೆ ಕೂತು ಅಂಥದ್ದೇ ಒಂದು ಪುಟ್ಟ ವಿಮಾನ ಮಾಡಿದ್ದರು. ದೋಣಿಯ ಹೊಟ್ಟೆ, ಆಳುದ್ದದ ರೆಕ್ಕೆ, ರೆಕ್ಕೆಯ ಮೇಲೆ ಎರಡು ಮೋಟಾರು. ದಡದಲ್ಲಿ ನಿಂತು ರಿಮೋಟಿನಲ್ಲಿ ಹಾರಿಸುವುದು. ಎತ್ತಿ ಇಳಿಸಲು ಒಬ್ಬ ಗಟ್ಟಿಯಾಳು ಬೇಕಾಗಿತ್ತು. ಹೊಂಬಾಳಮ್ಮ ಓಡಿಹೋಗಿ ಮಗನನ್ನು ಮುಂದೆ ನಿಲ್ಲಿಸಿದಳು.

"ವಿಮಾನ ಕೆರೆ ಹತ್ರ ತಗೊಂಡು ಬಾ. ನೆಟ್ಟಗೆ ಹಿಡ್ಕೋ, ಓರೆ ಮಾಡ್ಬೇಡ!" ಅಂದರು ಮೇಸ್ತ್ರಿ.

"ಹಂಗೇ ಆಗ್ಲಿ ಸಾಮಿ!"

ವಿಮಾನ ತಲೆ ಮೇಲಿಟ್ಟುಕೊಂಡು ಹೊರಟ. ಗಾಣದ ಓಣಿಗೆ ಬಂದ. ಓಣಿ ಸಣ್ಣದು, ರೆಕ್ಕೆ ದೊಡ್ಡದು. ನಿಂತ. ನಿಂತೇ ಇದ್ದ. ಹಿಂದೆ ಎತ್ತಿನ ಗಾಡಿ ನಿಂತಿತು, ಅದರ ಹಿಂದೆ ಕುರಿಮಂದೆ ನಿಂತಿತು. "ಓರೆ ಮಾಡೋ ಪುಣ್ಯಾತ್ಮ!" ಅಂತ ಜನ ಕೂಗಿದರು. "ಓರೆ ಮಾಡ್ಬೇಡ ಅಂದವ್ರೆ!" ಅಂದ ಸಿದ್ದೇಗ. ಮಧ್ಯಾಹ್ನ ಹೊಂಬಾಳಮ್ಮ ಬಂದು ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಪೆದ್ದಪ್ಪಾ! ಸಂದೀಲಿ ಸಿಕ್ಕಾಕ್ಕೊಂಡ್ರೆ, ಅಡ್ಡ ಬಂದಿದ್ದನ್ನ ಕಳಚಿ ಕಂಕುಳಲ್ಲಿ ಇಟ್ಕೊಂಡು ಹೋಗ್ಬೇಕು ಕಣೋ!"

"ಹಂಗೇ ಆಗ್ಲಿ ಕಣವ್ವ!"

ಮಾರನೇ ದಿನ ಮೇಸ್ತ್ರಿ, "ಅಪ್ಪ ಕೂರೋಕೆ ಮನೆಯಿಂದ ಆರಾಮ ಕುರ್ಚಿ ತಗೊಂಡು ಬಾ" ಅಂದರು. ಸಿದ್ದೇಗ ಹೋದ. ಕುರ್ಚಿ ಎತ್ತಿದ. ಕುರ್ಚಿ ಅಗಲ, ಬಾಗಿಲು ಕಿರಿದು. ಅಡ್ಡ ಬಂದದ್ದು ಯಾವುದು? ಬಾಗಿಲು! ಕದವನ್ನು ಕಳಚಿ ಕಂಕುಳಲ್ಲಿಟ್ಟುಕೊಂಡು ಕೆರೆ ಏರಿಗೆ ಬಂದ.

"ಕುರ್ಚಿ ಎಲ್ಲೋ?"

"ಮನೇಲೈತೆ ಸಾಮಿ."

"ಇದೇನೋ?"

"ಅಡ್ಡ ಬಂದಿದ್ದು ಸಾಮಿ!"

ಅಷ್ಟರಲ್ಲಿ ಕದವಿಲ್ಲದ ಮನೆಗೆ ಮೇಕೆ ನುಗ್ಗಿ ವಿಮಾನದ ನಕ್ಷೆ, ಮುದುಕಪ್ಪನ ಎಲೆಯಡಿಕೆ ಎರಡನ್ನೂ ಮೇಯ್ದಿತ್ತು. ಮೇಸ್ತ್ರಿ ಕೆಂಡವಾದರು. ಹೊಂಬಾಳಮ್ಮ ಕೈಮುಗಿದು ಮೇಸ್ತ್ರಿಯನ್ನು ಸಮಾಧಾನ ಮಾಡಿ ಮಗನ ಕಿವಿ ಹಿಂಡಿದಳು. "ಬೇರೆಯೋರ ವಸ್ತುನ ಭದ್ರ ಮಾಡ್ಬೇಕು ಕಣೋ! ಇರುವೆ ನುಗ್ಗೋಷ್ಟು ಸಂದೂ ಬಿಡಬಾರ್ದು!"

"ಹಂಗೇ ಆಗ್ಲಿ ಕಣವ್ವ!"

ಮೂರನೇ ದಿನ ಮೇಸ್ತ್ರಿ ವಿಮಾನವನ್ನು ದಡದಲ್ಲಿಟ್ಟು, ಅಪ್ಪನನ್ನು ಕರೆತರಲು ಹೋದರು. ಸಿದ್ದೇಗ ವಿಮಾನದ ಸುತ್ತ ಒಂದು ಸುತ್ತು ಬಂದ. ಅಲ್ಲೊಂದು ಸಂದು, ಇಲ್ಲೊಂದು ಸಂದು. ಕೆರೆಯ ಜೇಡಿಮಣ್ಣು ತಂದು ಕಲಸಿದ, ಮೆತ್ತಿದ. ಹೊಟ್ಟೆಗೆ ಮೆತ್ತಿದ, ಬಾಲಕ್ಕೆ ಮೆತ್ತಿದ, ಮೋಟಾರಿಗೂ ಮೆತ್ತಿ ಅಂಗೈಯಲ್ಲಿ ನೀಟಾಗಿ ಸವರಿದ. ಮೇಸ್ತ್ರಿ ಬಂದು, ಅಪ್ಪನನ್ನು ಕೂರಿಸುವ ಗಡಿಬಿಡಿಯಲ್ಲಿ ವಿಮಾನ ನೋಡದೆ "ಬಿಡು" ಅಂದರು. ಬಿಟ್ಟ. ಮೋಟಾರು ಗುರ್ ಅಂದು ಸುಮ್ಮನಾಯಿತು, ವಿಮಾನ ಮಗುಚಿ ನೀರಿಗೆ ಬಿತ್ತು. ಸಿದ್ದೇಗ ನೋಡುತ್ತಾ ನಿಂತ.

"ಇರುವೆ ಒಂದೂ ನುಗ್ಗಿಲ್ಲ ಸಾಮಿ!"

ಮೇಸ್ತ್ರಿ ತಾವೇ ನೀರಿಗಿಳಿದು ಎಳೆದು ತಂದರು. ಆ ಕೋಪ ನೋಡಬೇಕಿತ್ತು! "ನೀರಿಗೆ ಬಿದ್ದಿದ್ದನ್ನ ನೋಡ್ತಾ ನಿಲ್ತಾರೇನೋ? ಬಿದ್ದ ತಕ್ಷಣ ಹಾರಿ ದಡಕ್ಕೆ ಎಳೀಬೇಕು! ತಲೆಕೆಳಗು ಮಾಡಿ ನೀರು ಬಸೀಬೇಕು! ಬ್ಯಾಟರಿ ಕಿತ್ತಿಡ್ಬೇಕು! ಒರೆಸಿ ಅಪ್ಪನ ತೊಡೆ ಮೇಲೆ ಇಡ್ಬೇಕು!" ಆಮೇಲೆ, ಗಲಾಟೆ ಕೇಳಿ ಓಡಿಬಂದಿದ್ದ ಹೊಂಬಾಳಮ್ಮನ ಕಡೆ ತಿರುಗಿದರು. "ನೋಡಮ್ಮ, ನಾಳೆ ಒಂದೇ ದಿನ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನ ಮಗನ್ನ ನೀನೇ ಮನೇಲಿಟ್ಕೋ."

ಹೊಂಬಾಳಮ್ಮ ಮಗನ ಕೈ ಹಿಡಿದು ಎಳೆದುಕೊಂಡು ಹೊರಟಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದಳು. "ಎಳೀಬೇಕು, ಬಸೀಬೇಕು, ಬ್ಯಾಟರಿ ಕೀಳ್ಬೇಕು, ಒರೆಸ್ಬೇಕು, ತೊಡೆ ಮೇಲಿಡ್ಬೇಕು" ಅಂತ ಸಿದ್ದೇಗ ಊಟದ ನಡುವೆಯೂ ಹೇಳುತ್ತಿದ್ದ. ಪಾಪ, ಅವನಿಗೂ ಆ ಕೆಲಸ ಇಷ್ಟವಾಗಿಬಿಟ್ಟಿತ್ತು.

ಬೆಳಗಾಯಿತು. ಊರಿಗೆ ಊರೇ ಏರಿಯ ಮೇಲೆ. ಮುನಿಶಾಮಪ್ಪ ಕುರ್ಚಿಯಲ್ಲಿ ಕೂತು ಹಣೆಗೆ ಕೈ ಅಡ್ಡ ಹಿಡಿದಿದ್ದ. ಹೊಂಬಾಳಮ್ಮ ವಿಮಾನಕ್ಕೆ ಕುಂಕುಮವಿಟ್ಟು, ಊದಿನಕಡ್ಡಿ ಹಚ್ಚಿ, ಮಗನ ಕೈಗೆ ಎರಡು ನಿಂಬೆಹಣ್ಣು ಕೊಟ್ಟಳು. ಹೊಸ ಗಾಡಿ ಹೊರಡುವ ಮುಂಚೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕಲ್ಲ! ಸಿದ್ದೇಗ ಹುಡುಕಿದ. ಚಕ್ರವೇ ಇಲ್ಲ. ಈ ಕಡೆಯಿಂದ ನೋಡಿದ, ಆ ಕಡೆಯಿಂದ ಬಗ್ಗಿ ನೋಡಿದ. ಗಾಡಿಗೆ ಚಕ್ರವಿಲ್ಲದಿದ್ದರೂ ಓಡಿಸುವವರಿಗೆ ಕಾಲಿದೆ! ಮೇಸ್ತ್ರಿಯ ಎರಡು ಚಪ್ಪಲಿಯ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟುಬಿಟ್ಟ. ಮೇಸ್ತ್ರಿ ರಿಮೋಟು ನೋಡುತ್ತಿದ್ದರು, ಕಾಲು ಯಾರು ನೋಡುತ್ತಾರೆ?

"ಬಿಡು!"

ಸಿದ್ದೇಗ ಬಿಟ್ಟ. ಮೋಟಾರೆರಡೂ ಗುಯ್‌ಗುಟ್ಟಿದವು. ವಿಮಾನ ನೀರನ್ನು ಸೀಳಿಕೊಂಡು ಓಡಿತು, ಓಡಿ ಓಡಿ ಎದ್ದೇಬಿಟ್ಟಿತು! ಕೆರೆಯ ಮೇಲೆ ಒಂದು ಸುತ್ತು, ಎರಡು ಸುತ್ತು. ಮುನಿಶಾಮಪ್ಪನ ಕಣ್ಣಲ್ಲಿ ನೀರು. "ಅದೇ ಸದ್ದು ಕಣೋ, ಅದೇ!" ಅಂತ ಕೂಗಿದ. ಮೂರನೇ ಸುತ್ತಿಗೆ ವಿಮಾನ ಮೆಲ್ಲಗೆ ಬಾಗಿ, ಬಾತುಕೋಳಿಯ ಹಾಗೆ ಕೆರೆಯ ನಡುವೆ ಇಳಿದು ಕೂತಿತು. ಏರಿಯ ಮೇಲೆ ಚಪ್ಪಾಳೆಯೋ ಚಪ್ಪಾಳೆ!

ಆ ಖುಷಿಯಲ್ಲಿ ಮೇಸ್ತ್ರಿ ಒಂದು ಹೆಜ್ಜೆ ಮುಂದಿಟ್ಟರು ನೋಡಿ. ನಿಂಬೆಹಣ್ಣು ಪಚಕ್ ಅಂತು, ಮೇಸ್ತ್ರಿ ಸೊರ್ರನೆ ಕೆರೆಗೆ ಜಾರಿದರು. ದುಡುಂ!

ಸಿದ್ದೇಗ ತಡಮಾಡಲಿಲ್ಲ. ಹಾರಿದ, ಕಾಲರು ಹಿಡಿದು ದಡಕ್ಕೆ ಎಳೆದ. ಎರಡು ಕಾಲು ಹಿಡಿದು ಎತ್ತಿ ತಲೆಕೆಳಗು ಮಾಡಿ ಬಸಿದ. "ಬಿಡೋ! ಬಿಡೋ!" ಅಂದರೂ ಪೂರ್ತಿ ಬಸಿಯುವ ತನಕ ಬಿಡಲಿಲ್ಲ. ಆಮೇಲೆ ಬ್ಯಾಟರಿ ಹುಡುಕಿದ. ಕಿವಿ ಮಂದವಾದ ಮೇಸ್ತ್ರಿ ಕಿವಿಯ ಹಿಂದೆ ಕೇಳಿಸುವ ಮಿಷನ್ನು ಸಿಕ್ಕಿಸಿಕೊಂಡಿದ್ದರು. ಸಿಕ್ಕಿತಲ್ಲ! ಅದರ ಬ್ಯಾಟರಿ ಕಿತ್ತು ಜೇಬಿಗಿಟ್ಟ. ಟವೆಲಿನಿಂದ ತಲೆ ಒರೆಸಿ, ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಎಪ್ಪತ್ತರ ಮಗನನ್ನು ತೊಂಬತ್ತಾರರ ಅಪ್ಪನ ತೊಡೆಯ ಮೇಲೆ ಕೂರಿಸಿದ.

ಹೊಂಬಾಳಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮುಗೀತು, ಮಗನ ಕೆಲಸ ಹೋಯಿತು! ಮೇಸ್ತ್ರಿ ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಮುದುಕಪ್ಪ ನಗಲು ಶುರುಮಾಡಿದ. ನಕ್ಕ, ಕೆಮ್ಮಿದ, ಮತ್ತೆ ನಕ್ಕ. ಮಗನ ಒದ್ದೆ ತಲೆ ಸವರುತ್ತಾ ಅಂದ, "ಇವನನ್ನ ತೊಡೆ ಮೇಲೆ ಕೂರಿಸ್ಕೊಂಡು ಅರವತ್ತೈದು ವರ್ಷ ಆಗಿತ್ತು ಕಣಮ್ಮ. ನಿನ್ನ ಮಗ ನಮ್ಮನೆ ಬಿಟ್ಟು ಎಲ್ಲೂ ಹೋಗೋದು ಬ್ಯಾಡ."

ಹೊಂಬಾಳಮ್ಮನಿಗೆ ಅಳುವೂ ಬಂತು, ನಗುವೂ ಬಂತು. ಮೇಸ್ತ್ರಿಗೆ ಮಾತ್ರ ಏನೂ ಕೇಳಿಸಲಿಲ್ಲ. ಅವರು ಕೆರೆಯ ಕಡೆ ಬೆರಳು ತೋರಿಸಿ "ವಿಮಾನ! ವಿಮಾನ!" ಅಂತ ಬಡಿದುಕೊಳ್ಳುತ್ತಿದ್ದರು. ವಿಮಾನ ಗಾಳಿಗೆ ತೇಲಿಕೊಂಡು ಆಚೆ ದಡದ ಕಡೆ ಹೊರಟಿತ್ತು.

"ಅದನ್ನ ಯಾಕೋ ಎಳೀಲಿಲ್ಲ?" ಅಂದಳು ಹೊಂಬಾಳಮ್ಮ.

ಸಿದ್ದೇಗ ಅವಳನ್ನೇ ಪೆದ್ದಿ ಅನ್ನುವ ಹಾಗೆ ನೋಡಿದ.

"ಅದೆಲ್ಲಿ ಬಿತ್ತವ್ವಾ? ಅದು ಇಳೀತು. ಬಿದ್ದೋರು ಇವರೇ!"