ಬೆಂಚಿನ ಮೇಲಿನ ಕೈ

"ನೋಡಿದಿರಾ ಅಜ್ಜಾರೇ, ಮತ್ತೆ ನಡುವೆ ಬಾಯಿ ಹಾಕಿದಳು. ಒಂದು ಮಾತು ಪೂರ್ತಿ ಆಡಲು ಬಿಡುವುದಿಲ್ಲ ಇವಳು."

ಮಠದ ದಾಸೋಹದ ಪಡಸಾಲೆಯಲ್ಲಿ ದಾನೇಶ್ವರಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಗುರುವಾರದ ಊಟಕ್ಕೆ ಊರಿನ ಹೆಂಗಸರು ಸರದಿಯ ಮೇಲೆ ಬಂದು ಮಾಡುವ ಸೇವೆ ಅದು. ಎದುರಿಗೆ ಮಠದ ಸ್ವಾಮಿಗಳಾದ ಅಜ್ಜನವರು ಕಂಬಕ್ಕೆ ಒರಗಿ ಕೂತಿದ್ದರು. ದಾನೇಶ್ವರಿಯ ಹತ್ತು ವರ್ಷದ ಮಗಳು ಸಿಂಚನಾ ಪಕ್ಕದಲ್ಲಿ ಇನ್ನೊಂದು ಮೊರ ಇಟ್ಟುಕೊಂಡಿದ್ದಳು. ಬೆರಳ ತುದಿಯಲ್ಲಿ ಏನನ್ನೋ ಹಿಡಿದು ಅಮ್ಮನ ಮೂಗಿನ ಹತ್ತಿರ ತಂದಿದ್ದಳು.

"ಅಮ್ಮ, ಇದು ಕಲ್ಲಾ? ತೆಗೆಯಲಾ?"

"ಕಲ್ಲೇ. ತೆಗೆ."

"ಎಲ್ಲಿ ಹಾಕಲಿ?"

"ನನ್ನ ತಲೆಯ ಮೇಲೆ ಹಾಕು."

ಸಿಂಚನಾ ಅದನ್ನು ತೆಂಗಿನ ಚಿಪ್ಪಿನಲ್ಲಿ ಹಾಕಿದಳು. ಚಿಪ್ಪು ಬೆಳಿಗ್ಗೆಯಿಂದ ಅವಳ ಮೊಣಕಾಲ ಬಳಿಯೇ ಇತ್ತು.

"ಇದನ್ನೇ ಕೇಳಲು ಬಂದದ್ದು ಅಜ್ಜಾರೇ," ಎಂದಳು ದಾನೇಶ್ವರಿ. "ಇವಳಿಗೆ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿದೆ. ಜೂನಿನಲ್ಲಿ ಬಿಟ್ಟು ಬರಬೇಕು. ಅಲ್ಲಿ ಇವಳು ಯಾರನ್ನು ಕೇಳುತ್ತಾಳೆ? ನೀರು ಕುಡಿಯಲಾ, ಚಪ್ಪಲಿ ಬಿಡಲಾ, ನೀಲಿ ಪೆನ್ನಿನಲ್ಲಿ ಬರೆಯಲಾ. ಮೊನ್ನೆ ಸೀನು ಬಂದರೆ ಮೊದಲು ನನ್ನ ಮುಖ ನೋಡಿದಳು. ದೇವರು ಬಾಯಿ ಕೊಟ್ಟ, ತಲೆ ಕೊಡುವುದು ಮರೆತ. ಇವಳಿಗೆ ಸ್ವಂತ ಬುದ್ಧಿ ಯಾವಾಗ ಬರುತ್ತದೆ? ಕಳಿಸಲೋ, ಬೇಡವೋ?"

ಅಜ್ಜನವರು ಕಂಬದಿಂದ ಬೆನ್ನೆತ್ತಿ ನೇರವಾಗಿ ಕೂತರು.

"ಒಂದು ಕಾಲೇಜಿನಲ್ಲಿ ಒಬ್ಬ ಬೇಸ್‌ಬಾಲ್ ತರಬೇತುದಾರ ಇದ್ದ," ಎಂದರು.

"ಬೇಸ್‌ಬಾಲಾ? ಅದೇನು, ಚಿಣ್ಣಿದಾಂಡಿನ ಅಣ್ಣನಾ? ಮಠದಲ್ಲಿ ಕೂತ ನಿಮಗೆ ಅದನ್ನೆಲ್ಲ ಯಾರು ಹೇಳಿದರು?"

"ಕಾಲೇಜು ನಡೆಸುವ ಮಠಕ್ಕೆ ಎಲ್ಲ ಆಟದವರೂ ಆಶೀರ್ವಾದಕ್ಕೆ ಬರುತ್ತಾರೆ. ಗೆದ್ದವರು ಬೇಗ ಹೋಗುತ್ತಾರೆ. ಸೋತವರು ಸ್ವಲ್ಪ ಹೆಚ್ಚು ಹೊತ್ತು ಕೂತು ಮಾತಾಡುತ್ತಾರೆ. ಕೇಳು. ಕೈ ನಿಲ್ಲಿಸಬೇಡ."

ಅಜ್ಜನವರು ಹೇಳಿದ ಕತೆ ಇದು.

ಆ ಆಟದಲ್ಲಿ ಒಂದು ತಂಡದವನು ಚೆಂಡು ಎಸೆಯುತ್ತಾನೆ, ಇನ್ನೊಂದು ತಂಡದವನು ಬ್ಯಾಟಿನಿಂದ ಹೊಡೆಯುತ್ತಾನೆ. ಎಸೆಯುವವನು ಕೆಟ್ಟರೆ ತಂಡವೇ ಕೆಟ್ಟಂತೆ. ಈ ತರಬೇತುದಾರನ ಕೆಲಸ ಎಸೆಯುವವರನ್ನು ತಯಾರು ಮಾಡುವುದು, ಅಷ್ಟೇ. ಹೊಡೆಯುವುದನ್ನು ಕಲಿಸಲು ಬೇರೆಯವರಿದ್ದರು.

ಅವನು ತನ್ನ ಕೆಲಸದಲ್ಲಿ ಗಟ್ಟಿಗ. ಬೆನ್ನು ತಿರುಗಿಸಿ ನಿಂತಿದ್ದರೂ, ಚೆಂಡು ಹಿಡಿಯುವವನ ಕೈಗವಸಿಗೆ ಬಿದ್ದ ಸದ್ದಿನಲ್ಲೇ ಎಸೆದವನ ಮಣಿಕಟ್ಟು ಎಷ್ಟು ತಿರುಗಿತ್ತೆಂದು ಹೇಳುತ್ತಿದ್ದ. ಪಂದ್ಯದ ದಿನ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ಟೋಪಿ ಮುಟ್ಟಿದರೆ ವೇಗದ ಚೆಂಡು. ಕಿವಿ ಮುಟ್ಟಿದರೆ ಬಾಗುವ ಚೆಂಡು. ಬೆಲ್ಟು ಮುಟ್ಟಿದರೆ ನಿಧಾನದ ಚೆಂಡು. ಎಸೆಯುವವನು ಪ್ರತಿ ಸಲವೂ ಬೆಂಚಿನ ಕಡೆ ನೋಡಬೇಕು, ಸನ್ನೆ ತಿಳಿದುಕೊಳ್ಳಬೇಕು, ಆಮೇಲೆ ಎಸೆಯಬೇಕು. ಸನ್ನೆಯಂತೆ ಎಸೆದು ಸೋತವನಿಗೆ ಅವನು ಒಂದು ಮಾತೂ ಅನ್ನುತ್ತಿರಲಿಲ್ಲ.

ಹದಿನಾರು ವರ್ಷದಲ್ಲಿ ಒಂಬತ್ತು ಸಲ ವಿಶ್ವವಿದ್ಯಾಲಯದ ಕಪ್ ಆ ಕಾಲೇಜಿಗೆ ಬಂತು.

ಆದರೆ ಅವನ ಆಸೆ ಕಪ್ ಆಗಿರಲಿಲ್ಲ. ತಾನು ತಯಾರು ಮಾಡಿದ ಒಂದು ಕೈ ದೇಶದ ತಂಡದಲ್ಲಿ ಎಸೆಯಬೇಕು, ಅದನ್ನು ತಾನು ಕಣ್ಣಾರೆ ನೋಡಬೇಕು. ಅದೊಂದೇ ಆಸೆ. ಪ್ರತಿ ವರ್ಷ ಅವನ ಒಬ್ಬ ಶಿಷ್ಯನಿಗೆ ದೇಶದ ತಂಡದ ಶಿಬಿರದಿಂದ ಕರೆ ಬರುತ್ತಿತ್ತು. ಪ್ರತಿ ವರ್ಷ ಆ ಶಿಷ್ಯ ಮೂರು ತಿಂಗಳಿಗೆ ಗಂಟುಮೂಟೆ ಕಟ್ಟಿಕೊಂಡು ವಾಪಸು ಬರುತ್ತಿದ್ದ. ಶಿಬಿರದವರ ಪತ್ರದಲ್ಲಿ ಒಂದೇ ಸಾಲು ಇರುತ್ತಿತ್ತು: ಕೈ ಚೆನ್ನಾಗಿದೆ.

ಕೈ ಚೆನ್ನಾಗಿದ್ದರೆ ವಾಪಸು ಯಾಕೆ ಕಳಿಸಿದರು? ಇದು ಅವನ ತಲೆ ಕೊರೆಯತೊಡಗಿತು. ಬಲ ಸಾಲದೇನೋ ಎಂದುಕೊಂಡ. ಮಾರನೆಯ ವರ್ಷ ಶಿಷ್ಯರ ಕೈಗೆ ಟವೆಲ್ ಕೊಟ್ಟು ದಿನಾ ಬೆಳಿಗ್ಗೆ ಚೆಂಡು ಎಸೆಯುವಂತೆ ಇನ್ನೂರು ಸಲ ಬೀಸಿಸಿದ. ಹೋದವನು ವಾಪಸು ಬಂದ. ಸನ್ನೆಗಳೇ ಸಾಲದೇನೋ ಎಂದುಕೊಂಡ. ಮೊಣಕೈ, ಮೊಣಕಾಲು, ಅಂಗಿಯ ಎರಡನೆಯ ಗುಂಡಿ, ಹೀಗೆ ಹನ್ನೊಂದು ಹೊಸ ಸನ್ನೆ ಸೇರಿಸಿದ. ಶಿಷ್ಯರು ಹನ್ನೊಂದನ್ನೂ ಬಾಯಿಪಾಠ ಮಾಡಿದರು. ಹನ್ನೊಂದನ್ನೂ ಕಲಿತು ಹೋದವನೂ ವಾಪಸು ಬಂದ.

ಅಜ್ಜನವರು ಇಲ್ಲಿ ನಿಲ್ಲಿಸಿ ತಂಬಿಗೆಯಿಂದ ಒಂದು ಗುಟುಕು ನೀರು ಕುಡಿದರು.

"ಆಮೇಲೆ? ಯಾಕಂತೆ? ಶಿಬಿರದಲ್ಲಿ ಅವರಿಗೇನಾಗುತ್ತಿತ್ತು?" ಎಂದಳು ದಾನೇಶ್ವರಿ.

"ಈಗ ನಡುವೆ ಬಾಯಿ ಹಾಕಿದ್ದು ಯಾರು?" ಎಂದರು ಅಜ್ಜನವರು.

ಸಿಂಚನಾ ಮುಖ ತಗ್ಗಿಸಿ ನಕ್ಕಳು. ದಾನೇಶ್ವರಿ ಅವಳ ಕಡೆ ಒಂದು ನೋಟ ಬೀರಿ ತನ್ನ ಮೊರದ ಅಕ್ಕಿ ಕೇರಿದಳು. ಕತೆ ಮುಂದುವರಿಯಿತು.

ಹದಿನೇಳನೆಯ ವರ್ಷ ತರಬೇತುದಾರ ತಡೆಯಲಾರದೆ ತಾನೇ ರೈಲು ಹತ್ತಿದ. ಯಾರಿಗೂ ತಿಳಿಸಲಿಲ್ಲ. ಶಿಬಿರದ ಮೈದಾನದಲ್ಲಿ ನೋಡಲು ಬಂದ ಜನರ ನಡುವೆ ಹೋಗಿ ಕೂತ. ಅವನ ಶಿಷ್ಯ ಎಸೆಯಲು ನಿಂತಿದ್ದ. ಚೆಂಡು ಹಿಡಿದ. ತಲೆ ತಿರುಗಿಸಿ ಬೆಂಚಿನ ಕಡೆ ನೋಡಿದ. ಬೆಂಚಿನಲ್ಲಿ ಕೂತಿದ್ದ ಶಿಬಿರದ ತರಬೇತುದಾರ ಶೇಂಗಾ ಸುಲಿಯುತ್ತಿದ್ದ. ಶಿಷ್ಯ ಇನ್ನೊಮ್ಮೆ ನೋಡಿದ. ಆಮೇಲೆ, ಬೇರೆ ದಾರಿಯಿಲ್ಲದವನ ಹಾಗೆ ಎಸೆದ. ಬ್ಯಾಟು ಹಿಡಿದವನು ಅದನ್ನು ಬೇಲಿಯಾಚೆ ಹೊಡೆದ. ಮುಂದಿನ ಎಸೆತಕ್ಕೂ ಶಿಷ್ಯನ ತಲೆ ಬೆಂಚಿನ ಕಡೆಗೇ ತಿರುಗಿತು.

ಜನರ ನಡುವೆ ಕೂತಿದ್ದ ತರಬೇತುದಾರನ ಕೈ ತಾನಾಗಿ ಟೋಪಿಯ ಕಡೆ ಹೋಯಿತು. ಅವನು ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಟ್ಟ.

ಊಟದ ಹೊತ್ತಿಗೆ ಶಿಷ್ಯನನ್ನು ಕಂಡು ಕೇಳಿದ: "ಯಾವ ಚೆಂಡು ಎಸೆಯಬೇಕೆಂದು ನಿನಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು ಸರ್."

"ಮತ್ತೆ ಬೆಂಚಿನ ಕಡೆ ಯಾಕೆ ನೋಡಿದೆ?"

"ಸರಿ ಅಂತ ಯಾರಾದರೂ ಹೇಳಬೇಕಲ್ಲ ಸರ್."

ತರಬೇತುದಾರ ಊರಿಗೆ ಮರಳಿದ. ದಾರಿಯುದ್ದಕ್ಕೂ ಅದೇ ಮಾತು ಅವನ ಕಿವಿಯಲ್ಲಿತ್ತು. ಮರುದಿನ ಎಲ್ಲರನ್ನೂ ಕರೆದು ಇನ್ನು ಮೇಲೆ ಸನ್ನೆ ಇಲ್ಲ ಎಂದ. ಪಂದ್ಯದ ದಿನ ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿ ಹಿಡಿದು ಕೂತ. ಎಸೆಯುವವರು ಬೆಂಚಿನ ಕಡೆ ನೋಡಿದರು. ಅವನು ಆಕಾಶ ನೋಡಿದ. ತಂಡ ಸೋತಿತು. ಮತ್ತೆ ಸೋತಿತು. ಪ್ರಾಂಶುಪಾಲರು ಕರೆಸಿ, ನಿಮಗೆ ವಯಸ್ಸಾಯಿತೇ ಎಂದು ಕೇಳಿದರು. ಎರಡು ವರ್ಷ ಕಪ್ ಬರಲಿಲ್ಲ. ಅವನ ಕೈ ತೊಡೆಯ ಕೆಳಗೇ ಇತ್ತು.

ಮೂರನೆಯ ವರ್ಷ ತೆಳ್ಳನೆಯ ಒಬ್ಬ ಬಂದ. ಮೊದಲ ಕೆಲವು ಪಂದ್ಯಗಳಲ್ಲಿ ಅವನೂ ಬೆಂಚಿನ ಕಡೆ ನೋಡಿದ. ಆಮೇಲೆ ಕಡಿಮೆ ನೋಡಿದ. ಆಮೇಲೆ ನೋಡುವುದನ್ನೇ ಬಿಟ್ಟ. ತಂಡ ಗೆಲ್ಲುತ್ತ ಬಂತು. ಈ ಕೈ ದೇಶದ ತಂಡಕ್ಕೆ ಹೋಗುವುದು ಖಂಡಿತ ಎಂದು ತರಬೇತುದಾರ ಒಳಗೊಳಗೇ ಹಿಗ್ಗಿದ.

ವಿಶ್ವವಿದ್ಯಾಲಯದ ಕೊನೆಯ ಪಂದ್ಯ. ಇನ್ನೊಬ್ಬನನ್ನು ಔಟ್ ಮಾಡಿದರೆ ಕಪ್. ಎದುರಿಗೆ ಎದುರಾಳಿ ತಂಡದ ಅತಿ ಬಲಶಾಲಿ ಹೊಡೆತಗಾರ; ಎರಡು ಸಲ ಬೀಸಿ ತಪ್ಪಿದ್ದ, ಮೂರನೆಯ ಸಲ ತಪ್ಪಿದರೆ ಔಟ್. ಅಂಥವನಿಗೆ ವೇಗದ ಚೆಂಡನ್ನೇ ಎಸೆಯಬೇಕು ಎಂಬುದು ತರಬೇತುದಾರನ ಇಪ್ಪತ್ತು ವರ್ಷದ ಪಾಠ. ಆ ತೆಳ್ಳನೆಯವನು ನಿಧಾನದ ಚೆಂಡು ಎಸೆದ. ಹೊಡೆತಗಾರ ಅವಸರದಲ್ಲಿ ಬೀಸಿದ. ಬ್ಯಾಟು ಹಾದುಹೋದ ಮೇಲೆ ಚೆಂಡು ಬಂತು. ಔಟ್.

ಕಾಲೇಜಿಗೆ ಕಾಲೇಜೇ ಮೈದಾನಕ್ಕೆ ನುಗ್ಗಿತು. ತರಬೇತುದಾರ ಜನರನ್ನು ಸರಿಸಿಕೊಂಡು ಹೋಗಿ ಶಿಷ್ಯನ ಹೆಗಲ ಮೇಲೆ ಕೈ ಇಟ್ಟ. ಮೆಚ್ಚಿ ಎರಡು ಮಾತು ಹೇಳಬೇಕೆಂದೇ ಹೋಗಿದ್ದ. "ಚೆನ್ನಾಗಿ ಎಸೆದೆ," ಎಂದ. "ಆದರೆ ಆ ಕೊನೆಯದು ವೇಗದ ಚೆಂಡಾಗಬೇಕಿತ್ತು."

ಶಿಷ್ಯ ತಲೆಯಾಡಿಸಿದ.

ಶಿಬಿರದಿಂದ ಅವನಿಗೆ ಕರೆ ಬಂತು. ಅಲ್ಲಿಯ ಮೊದಲ ದಿನ ಅವನು ಚೆಂಡು ಹಿಡಿದು ನಿಂತ, ಬೆಂಚಿನ ಕಡೆ ನೋಡಿದ. ಮೂರು ತಿಂಗಳಿಗೆ ವಾಪಸು ಬಂದ. ಕೈ ಚೆನ್ನಾಗಿದೆ ಎಂದು ಪತ್ರ ಬಂತು. ಆ ವರ್ಷವೇ ತರಬೇತುದಾರ ನಿವೃತ್ತನಾದ.

ಅಜ್ಜನವರು ಕತೆ ಮುಗಿಸಿದರು.

ದಾನೇಶ್ವರಿಗೆ ಸಿಟ್ಟೇ ಬಂತು. "ಎಂಥ ಮನುಷ್ಯ ಅಜ್ಜಾರೇ ಅವನು. ಗೆದ್ದು ನಿಂತವನಿಗೆ ಹಾಗನ್ನುತ್ತಾರಾ? ಎರಡು ವರ್ಷ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡವನು ಒಂದು ಗಳಿಗೆ ನಾಲಿಗೆಯನ್ನು ಹಲ್ಲಿನ ಹಿಂದೆ ಇಟ್ಟುಕೊಳ್ಳಬಾರದಿತ್ತಾ? ಇಪ್ಪತ್ತು ವರ್ಷದ ಆಸೆಯನ್ನು ತನ್ನ ಬಾಯಿಂದ ತಾನೇ ಹಾಳು ಮಾಡಿಕೊಂಡ. ನಾನಾಗಿದ್ದರೆ ಆ ಶಿಷ್ಯನ ಬಾಯಿಗೆ ಒಂದು ಮುಷ್ಟಿ ಸಕ್ಕರೆ ಹಾಕಿ ಸುಮ್ಮನೆ ಮನೆಗೆ ಬರುತ್ತಿದ್ದೆ."

ಅಜ್ಜನವರು ಅವಳ ಕೈಯನ್ನೇ ನೋಡುತ್ತಿದ್ದರು.

ಸಿಂಚನಾ ಪಕ್ಕದಲ್ಲಿರಲಿಲ್ಲ. ಕತೆ ಕೇಳುತ್ತ ಕೇಳುತ್ತ ಅವಳು ತನ್ನ ಮೊರದ ಅಕ್ಕಿಯನ್ನೆಲ್ಲ ಹಸನು ಮಾಡಿದ್ದಳು. ಇದು ಕಲ್ಲಾ ಎಂದು ಒಮ್ಮೆಯೂ ಕೇಳಿರಲಿಲ್ಲ. ಮೊರವನ್ನು ಅಮ್ಮನ ಪಕ್ಕಕ್ಕೆ ಸರಿಸಿ, ಚಿಪ್ಪಿನ ಕಲ್ಲುಗಳನ್ನು ಅಂಗಳದಾಚೆ ಚೆಲ್ಲಿ, ಈಗ ನಲ್ಲಿಗೆ ಬಾಯಿ ಕೊಟ್ಟು ನೀರು ಕುಡಿಯುತ್ತಿದ್ದಳು. ದಾನೇಶ್ವರಿ ಅದನ್ನು ಗಮನಿಸಿರಲಿಲ್ಲ. ಮಾತಾಡುತ್ತಲೇ ಮಗಳ ಮೊರವನ್ನು ಮಡಿಲಿಗೆ ಎಳೆದುಕೊಂಡು ಅಕ್ಕಿಯನ್ನು ಮತ್ತೆ ಆರಿಸುತ್ತಿದ್ದಳು. ಒಂದು ಕಲ್ಲೂ ಸಿಕ್ಕಿರಲಿಲ್ಲ. ಬೆರಳು ಮಾತ್ರ ಆಡುತ್ತಲೇ ಇತ್ತು.

ಆಗ ಅಜ್ಜನವರು ಮೆಲ್ಲಗೆ ಕೇಳಿದರು.

"ಅದು ನಿನ್ನ ಮಗಳು ಮುಗಿಸಿಟ್ಟ ಮೊರ, ತಾಯಿ. ಅದರಲ್ಲಿ ನಿನ್ನ ಕೈ ಏನು ಹುಡುಕುತ್ತಿದೆ?"