ತೊಳೆದು ಬಂದ ಸೀರೆ

"ಕೇಳಿರಪ್ಪಾ ಕೇಳಿ! ಬೆಳ್ಳಿಕೊಪ್ಪದ ದೊರೆ ಸಿಂಗಭೂಪರ ಕಿರಿಯ ಮಗಳು ನೀಲಾಂಬೆಯವರು ಐದು ತಿಂಗಳ ಬಸುರಿ. ಅವರ ಮೂರು ಒಗಟು ಬಿಡಿಸಿದವರಿಗೆ ಹೆರಿಗೆಯವರೆಗೂ ಅವರ ಆರೈಕೆಯ ಹೊಣೆ, ಆಮೇಲೆ ಕೇಳಿದಷ್ಟು ಉಂಬಳಿ. ಒಂದು ತಪ್ಪಿದರೂ ತಲೆ ಹೋಗುತ್ತದೆ!" ಹೀಗೆಂದು ಊರೂರಲ್ಲಿ ಡಂಗುರ ಬಿತ್ತು.

ದೊರೆಗೇನು ಹುಚ್ಚೇ ಎಂದು ನೀವು ಕೇಳಬಹುದು. ಹುಚ್ಚಲ್ಲ, ಸಂಕಟ. ಹಿರಿಯ ಹೆಣ್ಣುಮಕ್ಕಳಿಬ್ಬರೂ ಹೆರಿಗೆಗೆಂದು ತವರಿಗೆ ಬಂದವರು ತವರಲ್ಲೇ ತೀರಿಹೋಗಿದ್ದರು. ಎರಡು ಸಲವೂ ಆಸ್ಥಾನದ ದೊಡ್ಡವರು "ಎಲ್ಲಾ ನಮಗೆ ಬಿಡಿ" ಎಂದೇ ಎದೆ ತಟ್ಟಿಕೊಂಡಿದ್ದರು. ಈಗ ನೀಲಾಂಬೆ ಹಟ ಹಿಡಿದಳು. ಹೆಂಗಸಿನ ಮೈಯ ಕಷ್ಟ ಗೊತ್ತಿಲ್ಲದವರ ಕೈಗೆ ನನ್ನ ನಾಡಿ ಕೊಡುವುದಿಲ್ಲ ಎಂದಳು. ತಲೆ ತೆಗೆಯುವ ಮಾತು ಮಾತ್ರ ದೊರೆಯದು. ಮಗಳು ಕಾಡಿ ಬೇಡಿ ಅದನ್ನೂ ತನ್ನ ಹೆರಿಗೆಯವರೆಗೆ ಮುಂದಕ್ಕೆ ಹಾಕಿಸಿದ್ದಳು. ಸೋತವರು ಅಲ್ಲಿಯವರೆಗೆ ಸೆರೆಮನೆಯಲ್ಲಿ ಕೂರಬೇಕು.

ಮೊದಲು ಬಂದವರು ಆಸ್ಥಾನ ವೈದ್ಯ ತ್ರಿವಿಕ್ರಮ ಪಂಡಿತರು. ನೀಲಾಂಬೆ ಪರದೆಯ ಹಿಂದಿನಿಂದ ಕೇಳಿದಳು: "ಎಲೆ ಒಂದು, ಉಣ್ಣುವ ಬಾಯಿ ಒಂದು, ಹಸಿದವರು ಇಬ್ಬರು. ಎಲೆಯಲ್ಲಿ ಅನ್ನ ಕಡಿಮೆಯಾದರೆ ಮೊದಲು ಸೊರಗುವವರು ಯಾರು?"

ಪಂಡಿತರು ನಕ್ಕರು. ಇದೂ ಒಂದು ಒಗಟೇ, ಹೊಟ್ಟೆಯೊಳಗಿನ ಕೂಸು ಸೊರಗುತ್ತದೆ, ಕೂಸು ಸಣ್ಣದಾದರೆ ಹೆರಿಗೆ ಸಲೀಸು, ಅದಕ್ಕೇ ಅರಮನೆಯ ಬಸುರಿಯರಿಗೆ ನಾವು ಹಿಡಿ ಗಂಜಿ ಮಾತ್ರ ಕೊಡಿಸುವುದು ಎಂದರು. ಪರದೆಯ ಆಚೆ ಕೈ ತಟ್ಟಿದ ಸದ್ದಾಯಿತು. ಭಟರು ಪಂಡಿತರನ್ನು ಕರೆದೊಯ್ದರು.

ಹಿಂದೆಯೇ ಜೋಯಿಸರು ಬಂದರು. ಪಂಡಿತರು ಹೇಳಿದ್ದಕ್ಕೆ ತಿರುಗಿಸಿ "ತಾಯಿ" ಎಂದು ಒಂದನ್ನು ದಾಟಿಕೊಂಡರು. ಆಗ ಎರಡನೆಯದು ಬಂತು: "ತಿಂಗಳಿಗೊಮ್ಮೆ ಕರೆಯದೆ ಬರುವ ನಂಟ. ಬಂದಾಗ ಮನೆಯಾಚೆ ಕೂರಿಸುತ್ತಾರೆ, ಬರುವುದು ನಿಂತರೆ ಸಿಹಿ ಹಂಚುತ್ತಾರೆ. ಯಾರು?"

ಸಭೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು, ಸುಳ್ಳೇಕೆ! ಅವರಿಗೇನು ಮನೆಯಲ್ಲಿ ಹೆಂಡತಿ ಮಕ್ಕಳಿರಲಿಲ್ಲವೇ? ಆದರೆ ತುಂಬಿದ ಸಭೆಯಲ್ಲಿ ಆ ಮಾತಾಡುವುದು ಹೇಗೆ? ಜೋಯಿಸರು ಬೆವರೊರೆಸಿಕೊಂಡು, ಕೆಮ್ಮಿ, ಕೊನೆಗೆ ಅಮಾವಾಸ್ಯೆಯ ಚಂದ್ರ ಎಂದುಬಿಟ್ಟರು. ಆಮೇಲೆ ಬಂದ ಏಳು ಜನರೂ ಅಲ್ಲೇ ಮುಗ್ಗರಿಸಿದರು. ತಲೆ ಹೋಗುವುದಕ್ಕೆ ಒಪ್ಪಿದರೇ ಹೊರತು ಆ ಒಂದು ಮಾತಿಗೆ ಯಾರಿಗೂ ನಾಲಿಗೆ ಏಳಲಿಲ್ಲ.

ಹತ್ತನೆಯವನು ಅಗಸರ ಮಾಚ, ಅರಮನೆಯ ಬಟ್ಟೆ ಒಗೆಯುವವನು. ಹೆಗಲ ಮೇಲಿನ ವಲ್ಲಿ ಇನ್ನೂ ಒದ್ದೆಯಾಗಿತ್ತು. ಅವನನ್ನು ನೋಡಿ ಸಭೆಯವರು ನಕ್ಕರು.

ಮೊದಲನೆಯದಕ್ಕೆ ಮಾಚ ತಾಯಿಯೇ ಎಂದ. ಯಾಕೆಂದೂ ಹೇಳಿದ. ಕೂಸು ತನ್ನ ಪಾಲನ್ನು ತಾಯಿಯ ರಕ್ತದಿಂದಲೇ ಎಳೆದುಕೊಳ್ಳುತ್ತದೆ, ಅವಳ ಕೆನ್ನೆ ಬಿಳುಚಿ, ಉಸಿರು ಸೋತು, ಅವಳಲ್ಲಿ ಬರಿದಾದ ಮೇಲೆ ಕೂಸೂ ಸೊರಗುತ್ತದೆ. ಗಂಜಿಯ ಮೇಲೆ ಇರಿಸಿದ ಬಸುರಿಗೆ ಹೆರುವ ಶಕ್ತಿ ಎಲ್ಲಿಂದ ಬರಬೇಕು ಎಂದು ಅವನೇ ಕೇಳಿದ. ದೊರೆ ತಲೆ ತಗ್ಗಿಸಿದ.

ಎರಡನೆಯದಕ್ಕೆ ಮಾಚ ತಡಮಾಡಲಿಲ್ಲ. "ಮುಟ್ಟು, ತಾಯಿ. ಊರಿನ ಮುಟ್ಟಿನ ಬಟ್ಟೆಯೆಲ್ಲ ಒಗೆಯುವವರು ನಾವು, ನಮಗೇನು ನಾಚಿಕೆ? ಯಾವ ಮನೆಯ ಗಂಟಿನಲ್ಲಿ ಅದು ಬರುವುದು ನಿಂತಿತೋ ಆ ಮನೆಗೆ ಕೂಸು ಬರುತ್ತದೆಂದು ಅತ್ತೆಗಿಂತ ಮೊದಲು ನಮಗೆ ತಿಳಿಯುತ್ತದೆ."

ಈಗ ಯಾರೂ ನಗಲಿಲ್ಲ. ಪರದೆಯ ಹಿಂದಿನ ದನಿ ಸಣ್ಣದಾಗಿತ್ತು.

"ರಾಗಿಕಾಳಿನಷ್ಟು ಇರುತ್ತದೆ. ಬಸುರಿ ಅದನ್ನು ಹೆತ್ತವರಿಂದಲೂ ಮುಚ್ಚಿಡುತ್ತಾಳೆ. ಮುಚ್ಚಿಟ್ಟರೆ ಎರಡು ಜೀವ ಕೇಳುತ್ತದೆ, ಬೇಗ ಹೇಳಿದರೆ ಎರಡನ್ನೂ ಬಿಡಬಹುದು. ಏನದು?"

ಮಾಚನ ಕಣ್ಣು ತುಂಬಿತು. ಅಪ್ಪಣೆ ಕೇಳಿ ಪರದೆಯ ಹತ್ತಿರ ಹೋಗಿ, ಅವಳಿಗೊಬ್ಬಳಿಗೆ ಕೇಳುವಷ್ಟೇ ಹೇಳಿದ.

"ರಕ್ತದ ಕಲೆ, ತಾಯಿ. ನಮ್ಮಕ್ಕ ದೇವೀರಿ ಆರು ತಿಂಗಳ ಬಸುರಿಯಾಗಿದ್ದಾಗ ಅವಳ ಸೀರೆಯಲ್ಲಿ ನಾನೇ ಕಂಡೆ. ತಮ್ಮನಾದವನು ಕೇಳುವುದು ಹೇಗೆ ಅಂತ ಸುಮ್ಮನಿದ್ದೆ. ಅವಳೂ ಸುಮ್ಮನಿದ್ದಳು. ಎಂಟು ದಿನಕ್ಕೆ ಹೋಗಿಬಿಟ್ಟಳು. ಈಗ ಮೂರು ವಾರದಿಂದ ಅರಮನೆಯ ಗಂಟಿನಲ್ಲಿ ನಿಮ್ಮ ಸೀರೆ ತೊಳೆದು ಹಿಂಡಿಕೊಂಡೇ ಬರುತ್ತಿದೆ. ಅಗಸನಿಗೆ ಹಾಕುವ ಬಟ್ಟೆಯನ್ನು ಯಾರಾದರೂ ತೊಳೆದು ಹಾಕುತ್ತಾರೆಯೇ? ಇನ್ನೊಂದು ಸಲ ಸುಮ್ಮನಿರುವುದು ನನ್ನಿಂದಾಗದು."

ಪರದೆಯ ಹಿಂದೆ ಬಿಕ್ಕಿ ಅಳುವ ಸದ್ದು ಕೇಳಿಸಿತು. "ಅಪಶಕುನ ಅಂದಾರು ಅಂತ ಹೆದರಿದೆ, ಮಾಚಣ್ಣ. ಈಗ ಏನು ಮಾಡಲಿ?"

ಮದ್ದು ತನಗೆ ಗೊತ್ತಿಲ್ಲವೆಂದು ಮಾಚ ಮುಚ್ಚುಮರೆಯಿಲ್ಲದೆ ಹೇಳಿದ. ಕಲೆ ಕಂಡರೆ ಕಾಯಬಾರದು ಎಂಬುದಷ್ಟೇ ಗೊತ್ತು, ಉಳಿದದ್ದು ಸೂಲಗಿತ್ತಿಯಾದ ತನ್ನ ಚಿಕ್ಕವ್ವ ಹೊನ್ನಾಜಿಗೆ ಗೊತ್ತು, ಈಗಲೇ ಕರೆಸಿ ಎಂದ. ನೀಲಾಂಬೆ ಅಪ್ಪನನ್ನು ಪರದೆಯೊಳಗೆ ಕರೆದು ಎಲ್ಲವನ್ನೂ ಹೇಳಿದಳು, ದೊರೆ ತನ್ನ ಪಲ್ಲಕ್ಕಿಯನ್ನೇ ಕಳಿಸಿದ.

ಹೊನ್ನಾಜಿ ಬಂದವಳೇ ಗಂಜಿಯ ಬಟ್ಟಲನ್ನು ಆಚೆ ಇಡಿಸಿದಳು. ರಾಗಿಮುದ್ದೆ, ಸೊಪ್ಪಿನ ಸಾರು, ಹೆಸರುಕಾಳು, ಹಾಲು ಬಂತು. ಮೆಟ್ಟಿಲು ಹತ್ತಕೂಡದು, ಭಾರ ಎತ್ತಕೂಡದು, ಮಲಗಿರಬೇಕು, ಒಂದು ಹನಿ ಕಂಡರೂ ಆ ಗಳಿಗೆಯಲ್ಲೇ ಹೇಳಬೇಕು ಎಂದು ಕಟ್ಟಪ್ಪಣೆಯಾಯಿತು. ದೊರೆಯ ಮಗಳೆಂದು ಬೈಯುವುದನ್ನೇನೂ ಅವಳು ಬಿಡಲಿಲ್ಲ. ಹತ್ತು ದಿನದಲ್ಲಿ ಕಲೆ ನಿಂತಿತು. ಮಗು ಒದ್ದ ದಿನ ನೀಲಾಂಬೆ ನಕ್ಕಳು, ಅರಮನೆಯೇ ಉಸಿರು ಬಿಟ್ಟಿತು. ತಿಂಗಳು ತುಂಬಿ ಹೆಣ್ಣು ಕೂಸು ಹುಟ್ಟಿತು. ತಾಯಿಯೂ ಉಳಿದಳು.

ಮಾಚ ಉಂಬಳಿಯನ್ನು ಚಿಕ್ಕವ್ವನ ಹೆಸರಿಗೆ ಬರೆಸಿಕೊಟ್ಟ. ಊರ ಬಸುರಿಯರು ಬಂದು ಉಂಡು, ಕಷ್ಟ ಹೇಳಿಕೊಂಡು ಹೋಗಲು ಕೆರೆಯ ಪಕ್ಕ ಒಂದು ಮನೆ ಕೇಳಿದ. ಒಂಬತ್ತು ತಲೆಗಳನ್ನೂ ಬಿಡಿಸಿದ. ದೊರೆ ಎಲ್ಲಕ್ಕೂ ಒಪ್ಪಿದ.

ನಡೆದದ್ದನ್ನೆಲ್ಲ ಸೆರೆಮನೆಯಲ್ಲೇ ಕೇಳಿದ್ದ ತ್ರಿವಿಕ್ರಮ ಪಂಡಿತರು ನಾಲ್ಕು ತಿಂಗಳ ಗಡ್ಡ ಹೊತ್ತು ಮನೆಗೆ ಬಂದರು. ಕೈಕಾಲು ತೊಳೆಯಲು ನೀರು ತಂದಿಟ್ಟ ಸೊಸೆಗೆ ಏಳು ತಿಂಗಳು. ಪಂಡಿತರು ನೆಲ ನೋಡಿದರು, ಗಂಟಲು ಸರಿಮಾಡಿಕೊಂಡರು, ಜನ್ಮದಲ್ಲಿ ಕೇಳದ್ದನ್ನು ಕೇಳಿಯೇಬಿಟ್ಟರು.

"ಮಗಳೇ, ಮೈಯಲ್ಲಿ ಏನಾದರೂ ತೊಂದರೆ ಇದೆಯೇನಮ್ಮಾ?"

ಸೊಸೆ ಬಾಗಿಲ ಮರೆಗೆ ಸರಿದಳು. ಅಲ್ಲಿಂದಲೇ ದನಿ ಬಂತು. "ಎಂಟು ದಿನದಿಂದ ಮುಖ ಊದಿದೆ, ಮಾವ. ತಲೆ ಸಿಡಿಯುತ್ತದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಪಂಡಿತರು ಚಪ್ಪಲಿಯನ್ನೂ ಮೆಟ್ಟದೆ ಹೊನ್ನಾಜಿಯ ಮನೆಗೆ ಓಡಿದರು. ಕೇಳಿದ್ದು ತಡವಾಗಿರಲಿಲ್ಲ. ಆ ಮನೆಯಲ್ಲೂ ತೊಟ್ಟಿಲು ಕಟ್ಟಿದರು, ತೂಗಿದವಳು ತಾಯಿಯೇ.