ಬೂದಿ ಒಂದೇ ಚಪ್ಪಲಿ ಕದ್ದದ್ದು ಯಾಕೆ

ಲೋಕ ಆಗಿನ್ನೂ ಹೊಸದು. ಬೆಟ್ಟಗಳ ಮೈಮೇಲಿನ ಹಸಿ ಮಣ್ಣು ಆಗಷ್ಟೇ ಆರಿ ಉದುರುತ್ತಿತ್ತು. ಎಡಕ್ಕೆ ಹರಿಯಲೋ ಬಲಕ್ಕೆ ಹರಿಯಲೋ ಅಂತ ಹೊಳೆ ದಿನಾ ಬೆಳಗ್ಗೆ ಊರವರನ್ನು ಕೇಳುತ್ತಿತ್ತು. ಗಾಳಿ ಮಾತಾಡುತ್ತಿತ್ತು, ಕಲ್ಲು ಮಾತಾಡುತ್ತಿತ್ತು. ನಾಯಿಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆ ಕಾಲದಲ್ಲಿ ಹೊಳೆ ದಂಡೆಯ ಊರಿನಲ್ಲಿ ಮಾಳವ್ವ ಅಂತ ಒಬ್ಬಳಿದ್ದಳು. ಪೊರಕೆ ಕಟ್ಟುವವಳು. ಹೊಸ ಲೋಕ ಅಂದರೆ ಕೇಳಬೇಕೆ, ಎಲ್ಲಿ ನೋಡಿದರೂ ಧೂಳು! ಅವಳ ಪೊರಕೆ ಇಲ್ಲದೆ ಯಾರ ಮನೆಗೂ ಬೆಳಗಾಗುತ್ತಿರಲಿಲ್ಲ. ಪೊರಕೆ ಹುಲ್ಲು ಬೆಳೆಯುವುದು ಬೆಟ್ಟದ ಮೇಲೆ, ಬೆಟ್ಟದ ದಾರಿ ತುಂಬ ಮುಳ್ಳು. ಅದಕ್ಕೇ ಅವಳು ತೊಗಲು ಕತ್ತರಿಸಿ, ಬಾರು ಹೊಲಿದು, ಒಂದು ಜೊತೆ ಚಪ್ಪಲಿ ಮಾಡಿಕೊಂಡಿದ್ದಳು. ಲೋಕದ ಮೊದಲನೇ ಚಪ್ಪಲಿ ಅದೇ. ಸಂಜೆ ಬಂದವಳು ಅದನ್ನು ಹೊಸ್ತಿಲಾಚೆ ಬಿಟ್ಟೇ ಒಳಗೆ ಕಾಲಿಡುತ್ತಿದ್ದಳು. ಕಾಡಿನ ಧೂಳು ಒಲೆ ಹತ್ತಿರ ಬರಬಾರದು ನೋಡು.

ಮಾಳವ್ವನಿಗೆ ತನ್ನದು ಅಂತ ಇದ್ದದ್ದು ಒಂದೇ ಜೀವ, ಅವಳ ಹೆಣ್ಣು ನಾಯಿ. ಒಲೆಯ ಬೂದಿಯಲ್ಲಿ ಮಲಗಿ ಮಲಗಿ ಅದರ ಬಣ್ಣವೂ ಬೂದಿ, ಹೆಸರೂ ಬೂದಿ. ಮಾಳವ್ವ ಎಲ್ಲಿಗೆ ಹೋದರೂ ಬೂದಿ ಹಿಂದೆಯೇ. ಆದರೆ ಬೆಟ್ಟಕ್ಕೆ ಮಾತ್ರ ಹೋಗುವ ಹಾಗಿರಲಿಲ್ಲ. ಅಲ್ಲಿ ಚಿರತೆ ಇತ್ತು. ಚಿರತೆಗೆ ನಾಯಿ ಅಂದರೆ ಹಬ್ಬದೂಟ.

ಬೆಳಗಾದರೆ ಮಾಳವ್ವ ಚಪ್ಪಲಿ ಮೆಟ್ಟಿ ಹೊರಡುವಳು. ಬೂದಿ ಹೊಸ್ತಿಲಲ್ಲಿ ಕೂತು ಅಳುವಳು. ಬೆಳಗ್ಗೆ ಅಳುವಳು, ಮಧ್ಯಾಹ್ನ ಅಳುವಳು, ಚಪ್ಪಲಿಯ ಸದ್ದು ಮತ್ತೆ ಕೇಳುವವರೆಗೂ ಊಂ ಅಂತ ಅಳುವಳು.

ಆ ಊರಿಗೆ ದೊಡ್ಡವನು ಬೋರಣ್ಣ. ಅವನಿಗೆ ಮಧ್ಯಾಹ್ನದ ನಿದ್ದೆ ಅಂದರೆ ಪ್ರಾಣ. ಒಂದು ಸಂಜೆ ಕಣ್ಣು ಕೆಂಪಗೆ ಮಾಡಿಕೊಂಡು ಮಾಳವ್ವನ ಬಾಗಿಲಿಗೆ ಬಂದ.

"ನಾಲ್ಕು ದಿನ ಕೊಡ್ತೀನಿ ಮಾಳವ್ವ. ಇದರ ಬಾಯಿ ಮುಚ್ಚಿಸು. ಇಲ್ಲಾಂದ್ರೆ ಕುತ್ತಿಗೆಗೆ ಹಗ್ಗ ಹಾಕಿ ಹೊಳೆ ಆಚೆ ದಡಕ್ಕೆ ಬಿಟ್ಟು ಬರ್ತೀನಿ."

ಆಚೆ ದಡದಲ್ಲಿ ತೋಳಗಳಿದ್ದವು. ಮನುಷ್ಯರ ಒಲೆಯ ವಾಸನೆ ಹತ್ತಿದ ನಾಯಿಯನ್ನು ಅವು ಒಂದು ದಿನವೂ ಉಳಿಸುತ್ತಿರಲಿಲ್ಲ. ಮಾಳವ್ವ ಬೂದಿಯನ್ನು ಮಡಿಲಿಗೆ ಎಳೆದುಕೊಂಡಳು. ಅಳುವ ಮಗುವಿಗೆ ಆಟದ ಸಾಮಾನು ಕೊಟ್ಟರೆ ಸುಮ್ಮನಾಗುತ್ತೆ, ಇವಳಿಗೂ ಏನಾದರೂ ಹುಡುಕಿ ಕೊಡೋಣ ಅಂದುಕೊಂಡಳು.

ಮೊದಲು ಹೊಳೆಯ ಹತ್ತಿರ ಹೋದಳು.

"ಹೊಳೆಯವ್ವಾ, ನಮ್ಮ ಬೂದಿಗೆ ಆಡೋಕೆ ಏನಾದ್ರೂ ಕೊಡೇ."

ಹೊಳೆ ಉರುಟಾದ ಒಂದು ಕಲ್ಲು ಕೊಟ್ಟಿತು. "ಎಷ್ಟು ದಿನ ತಿಕ್ಕಿದೀನಿ ಗೊತ್ತಾ ಇದನ್ನ?" ಅಂತ ಜಂಬ ಬೇರೆ. ಬೂದಿ ಕಲ್ಲನ್ನು ಮೂಸಿದಳು, ಒಂದು ಸಲ ನೆಕ್ಕಿದಳು.

"ಬೇಡ," ಅಂದಳು. ದಿನವಿಡೀ ಅತ್ತಳು.

ಎರಡನೇ ದಿನ ಮಾಳವ್ವ ಗಾಳಿಯನ್ನು ಕೇಳಿದಳು. ಗಾಳಿ ಅಂಗಳದ ತುಂಬ ಒಣ ಎಲೆ ಓಡಿಸಿತು. ಬೂದಿ ಅಟ್ಟಿಸಿಕೊಂಡು ಹೋದಳು, ಹಾರಿದಳು, ಕುಣಿದಳು. ಸದ್ಯ, ಬದುಕಿದೆ ಅಂತ ಮಾಳವ್ವ ಬೆಟ್ಟ ಹತ್ತಿದಳು. ಆದರೆ ಗಾಳಿಗೆ ಒಂದು ಕಡೆ ನಿಲ್ಲೋ ಬುದ್ಧಿ ಎಲ್ಲಿದೆ? ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಪಕ್ಕದೂರಿಗೆ ಹೊರಟುಹೋಯಿತು. ಬೂದಿ ಮತ್ತೆ ಊಂ!

ಮೂರನೇ ದಿನ ಬೋರಣ್ಣನೇ ಒಂದು ಮರದ ಗಿಳಿ ತಂದ. ಹಸಿರು ಬಣ್ಣ, ಕೆಂಪು ಕೊಕ್ಕು, ಎರಡು ಕಡೆ ಗಾಲಿ.

"ನನ್ನ ಕೈಯಾರೆ ಕೆತ್ತಿದ್ದು. ಇಂಥದು ಯಾವ ನಾಯಿಗೂ ಸಿಕ್ಕಿರಲ್ಲ. ಆಡಲೇಬೇಕು!"

ಬೂದಿ ಗಿಳಿಯ ಸುತ್ತ ಒಂದು ಸುತ್ತು ಬಂದಳು. ಬೋರಣ್ಣನ ಮುಖ ನೋಡಿದಳು. ಆಮೇಲೆ ಗಿಳಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಉಚ್ಚೆ ಹೊಯ್ದಳು.

"ನನ್ನ ಆಟ ನಾನೇ ಆರಿಸ್ಕೊಳ್ತೀನಿ," ಅಂದಳು.

"ನಾಳೆ ಸಂಜೆ ಹಗ್ಗ ತರ್ತೀನಿ!" ಅಂತ ಬೋರಣ್ಣ ಹಲ್ಲು ಕಡಿಯುತ್ತಾ ಹೋದ.

ನಾಲ್ಕನೇ ದಿನ ಬೆಳಗ್ಗೆ ಮಾಳವ್ವ ಹೊಸ್ತಿಲಿಗೆ ಬಂದು ನೋಡುತ್ತಾಳೆ, ಬಲಗಾಲಿನ ಚಪ್ಪಲಿ ಇದೆ, ಎಡಗಾಲಿನದು ಇಲ್ಲ! ಅಂಗಳ ಹುಡುಕಿದಳು, ಕಟ್ಟೆ ಕೆಳಗೆ ಹುಡುಕಿದಳು. ಹುಲ್ಲಿನ ಹೊರೆಯ ಹಿಂದೆ ಬೂದಿ ಮಲಗಿದ್ದಳು. ಎರಡು ಮುಂಗಾಲಿನ ನಡುವೆ ಚಪ್ಪಲಿ ಇತ್ತು, ಅದರ ಬಾರು ಅವಳ ಬಾಯಲ್ಲಿತ್ತು.

ಮಾಳವ್ವನಿಗೆ ಕೋಪ ನೆತ್ತಿಗೇರಿತು. ಪೊರಕೆ ಎತ್ತಿದಳು.

"ಕೊಡೇ ಇಲ್ಲಿ!"

"ಕೊಡಲ್ಲ."

"ಕೊಡ್ತೀಯೋ, ಎರಡು ಬಿಡಲೋ?"

"ಹೊಡಿ. ಆದ್ರೂ ಕೊಡಲ್ಲ. ಕಲ್ಲಿಗೆ ನೀರಿನ ವಾಸನೆ. ಎಲೆಗೆ ಯಾರ ವಾಸನೆಯೂ ಇಲ್ಲ. ಆ ಗಿಳಿಗೆ ಬೋರಣ್ಣನ ವಾಸನೆ, ಥೂ! ಇದಕ್ಕೊಂದಕ್ಕೇ ನಿನ್ನ ವಾಸನೆ ಇರೋದು."

ಮಾಳವ್ವನ ಕೈ ಮೇಲೆಯೇ ನಿಂತಿತು.

"ಸರಿ, ಹಾಗಿದ್ರೆ ಎರಡನ್ನೂ ಹೊತ್ಕೊಂಡು ಹೋಗ್ಬೇಕಿತ್ತು. ಒಂದೇ ಯಾಕೆ?"

"ಎರಡೂ ತಗೊಂಡ್ರೆ ಹೋಗ್ಲಿ ಅಂತ ಹೊಸ ಜೊತೆ ಹೊಲ್ಕೊತೀಯ. ಒಂದು ಬಿಟ್ರೆ, ಇನ್ನೊಂದನ್ನ ಹುಡುಕ್ಕೊಂಡು ನನ್ನ ಹತ್ರ ಬಂದೇ ಬರ್ತೀಯ. ಈಗ ಬಂದ್ಯಲ್ಲ! ಇನ್ನು ಬೆಟ್ಟಕ್ಕೆ ಹೋಗು, ನಾನು ಅಳಲ್ಲ. ಸಂಜೆಗೆ ಇದನ್ನ ಹುಡುಕ್ಕೊಂಡಾದ್ರೂ ಬರ್ತೀಯ."

ಮಾಳವ್ವ ಪೊರಕೆ ಬಿಸಾಕಿದಳು. ಕಣ್ಣಲ್ಲಿ ನೀರು ತುಂಬಿತ್ತು, ಅದನ್ನು ನಾಯಿಗೆ ತೋರಿಸುವ ಮನಸ್ಸಿರಲಿಲ್ಲ. ಎಡಗಾಲಿಗೆ ಮುತ್ತುಗದ ಎಲೆ ಸುತ್ತಿ, ನಾರಿನಿಂದ ಕಟ್ಟಿ, ಬೆಟ್ಟಕ್ಕೆ ಹೊರಟೇಬಿಟ್ಟಳು. ಅರ್ಧ ದಾರಿಗೇ ಎಲೆ ಹರಿಯಿತು. ಮುಳ್ಳು ಚುಚ್ಚಿತು. ಅವಳು ಹಿಂದೆ ತಿರುಗಲಿಲ್ಲ.

ಆ ದಿನ ಊರಲ್ಲಿ ಒಂದೇ ಒಂದು ಊಂ ಕೂಡ ಕೇಳಲಿಲ್ಲ.

ಸಂಜೆ ಮಾಳವ್ವ ಕುಂಟುತ್ತಾ ಬಂದಾಗ ಬೋರಣ್ಣ ಹಗ್ಗ ಹಿಡಿದು ಅಂಗಳದಲ್ಲಿ ನಿಂತಿದ್ದ. ಬೂದಿ ಅವನ ಎದುರಿಗೇ ಚಪ್ಪಲಿ ಕಚ್ಚಿಕೊಂಡು ನಿಂತಿದ್ದಳು.

"ನೋಡಿದ್ಯಾ ಇದರ ಯೋಗ್ಯತೆ? ನನ್ನ ಗಿಳಿ ಬೇಡ, ಕಾಲ ಕೆಳಗಿನ ಚಪ್ಪಲಿ ಬೇಕು! ಅದೂ ಬಾಯಲ್ಲಿ!"

ಮಾಳವ್ವ ಸೊಂಟದ ಮೇಲೆ ಕೈಯಿಟ್ಟಳು.

"ಬೋರಣ್ಣಾ, ಸುಮ್ಮನಿರಿಸು ಅಂತ ತಾನೆ ನೀನು ಹೇಳಿದ್ದು? ಸುಮ್ಮನಿದಾಳೆ. ಯಾವುದರಲ್ಲಿ ಆಡಬೇಕು ಅನ್ನೋದು ಅವಳಿಷ್ಟ. ನನ್ನ ಚಪ್ಪಲಿ, ನನ್ನ ಕಾಲು, ನನ್ನ ನಾಯಿ. ನಿನ್ನದೇನು ಹೋಯ್ತು?"

"ಅದನ್ನ ಕಿತ್ತು ಹೊಳೆಗೆ ಎಸೀತೀನಿ!" ಅಂತ ಬೋರಣ್ಣ ಹಗ್ಗ ಬಿಟ್ಟು ಚಪ್ಪಲಿಗೆ ಕೈ ಹಾಕಿದ. ಬೂದಿ ಗುರ್ ಅಂದಳು. ಅವನು ಎಳೆದ, ಅವಳು ಎಳೆದಳು. ಅವನು ಇನ್ನೂ ಜೋರಾಗಿ ಎಳೆದ. ಜಪ್ಪಯ್ಯ ಅಂದರೂ ಬೂದಿ ಬಿಡಲಿಲ್ಲ. ಕೊನೆಗೆ ಬಾರು ಪಟ್ಟನೆ ಕಿತ್ತುಬಂತು. ಬೋರಣ್ಣ ಧೊಪ್ಪನೆ ಧೂಳಿನಲ್ಲಿ ಕೂತ. ಚಪ್ಪಲಿ ಬೂದಿಯ ಬಾಯಲ್ಲೇ ಉಳಿಯಿತು.

ಊರೇ ನಕ್ಕಿತು. ಹೊಳೆ ನಕ್ಕಿತು. ಪಕ್ಕದೂರಿನಿಂದ ಗಾಳಿ ಓಡಿಬಂದು, "ಏನಾಯ್ತು, ಏನಾಯ್ತು?" ಅಂತ ಕೇಳಿ ನಕ್ಕಿತು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಹಾಗೆ ಬೋರಣ್ಣ ಎದ್ದು, "ನಾನೇ ಕೂತ್ಕೊಂಡೆ," ಅಂದು ಮನೆ ದಾರಿ ಹಿಡಿದ. ಹಗ್ಗ ಅಲ್ಲೇ ಬಿಟ್ಟುಹೋದ. ಮಾರನೇ ದಿನ ಬೂದಿ ಅದನ್ನೂ ಕಚ್ಚಿ ಚಿಂದಿ ಮಾಡಿದಳು.

ಮುಳ್ಳು ಕಿತ್ತ ಕಾಲು ವಾಸಿಯಾಗುವ ಹೊತ್ತಿಗೆ ಮಾಳವ್ವ ಕಿತ್ತ ಬಾರನ್ನು ಹೊಲಿದುಕೊಂಡಳು. ಬೂದಿಗೆ ಅಂತಲೇ ಬೇರೆ ಒಂದು ಚಪ್ಪಲಿಯನ್ನೂ ಹೊಲಿದು ಹೊಸ್ತಿಲಲ್ಲಿಟ್ಟಳು. ಹೊಸ ತೊಗಲು, ಗಟ್ಟಿ ಬಾರು. ಬೂದಿ ಮೂಸಿದಳು. ಯಾರೂ ಮೆಟ್ಟದ ಚಪ್ಪಲಿ ಅದು. ಅದನ್ನು ದಾಟಿ ಹೋಗಿ, ಮಾಳವ್ವನ ಬೆವರು ಹೀರಿದ ಹಳೇದನ್ನೇ ಕಚ್ಚಿಕೊಂಡು ಹುಲ್ಲಿನ ಹೊರೆಯ ಹಿಂದೆ ನಡೆದಳು. ಒಂದನ್ನೇ, ಎರಡನ್ನಲ್ಲ.

ಈಗಲೂ ಅಷ್ಟೇ ಮಗಾ. ಪೇಟೆಯಿಂದ ಕೀಂಕೀಂ ಅನ್ನೋ ರಬ್ಬರ್ ಬಾತುಕೋಳಿ ತಂದು ನಾಯಿಯ ಮುಂದಿಡು, ಮೂಸಿ ಮುಖ ತಿರುಗಿಸುತ್ತೆ. ಬೆಳಗ್ಗೆ ಸ್ಕೂಲಿಗೆ ಹೊರಟಾಗ ಬಾಗಿಲಲ್ಲಿ ನಿನ್ನ ಒಂದೇ ಚಪ್ಪಲಿ ಇದ್ದರೆ, ಕೋಲು ಹುಡುಕಬೇಡ, ನಾಯಿಯನ್ನು ಹುಡುಕು. ನೀನು ಬರಲಿ ಅಂತಲೇ ಅದು ಆ ಒಂದನ್ನು ಹೊಸ್ತಿಲಲ್ಲಿ ಬಿಟ್ಟಿರುತ್ತೆ.